ಅರುವತ್ತು ದಾಟಿದವರ ಥೈರಾಯ್ಡ್ ಮತ್ತು ಲಿವರ್: ಯಾವುದನ್ನು ಮೊದಲು ನೋಡಬೇಕು, ಹೇಗೆ ನೋಡಬೇಕು

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹಿರಿಯರಿರುವ ಎಷ್ಟೋ ಮನೆಗಳ ಕಪಾಟಿನಲ್ಲಿ ಈಗ ಮೂರು ಕಾಗದ ಸಿಗುತ್ತವೆ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು; ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ) 6.8 ಎಂದು ದಪ್ಪ ಅಕ್ಷರದಲ್ಲಿ ಅಚ್ಚಾದ ರಕ್ತದ ರಿಪೋರ್ಟು, ಎಸ್‌ಜಿಒಟಿ ಎಂಬ ಕಿಣ್ವ 50ರ ಆಚೆಗಿರುವ ಲಿವರ್ ಪರೀಕ್ಷೆ, 'ಗ್ರೇಡ್ 1 ಫ್ಯಾಟಿ ಲಿವರ್' ಎಂದಿರುವ ಹೊಟ್ಟೆಯ ಸ್ಕ್ಯಾನು. ಒಂದು ಕಾಸರಗೋಡಿನದ್ದು, ಒಂದು ಮಂಗಳೂರಿನದ್ದು, ಇನ್ನೊಂದು ದೇರಳಕಟ್ಟೆಯದ್ದು. ಬರೆಸಿದ ವೈದ್ಯರೂ ಬೇರೆ ಬೇರೆ. ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ನೋಡಿದವರು ಮಾತ್ರ ಹೆಚ್ಚಾಗಿ ಯಾರೂ ಇರುವುದಿಲ್ಲ.

ಒಟ್ಟಿಗೆ ನೋಡಲೇಬೇಕು, ಅದಕ್ಕೊಂದು ಕ್ರಮವೂ ಇದೆ. ಮೊದಲು ಥೈರಾಯ್ಡ್ ಲೆಕ್ಕ ಸರಿಯಾಗಬೇಕು, ಆಮೇಲೆ ಲಿವರಿನ ಅಂಕಿ ಓದಬೇಕು. ಈ ಕ್ರಮ ತಪ್ಪಿದರೆ ಇಲ್ಲದ ಲಿವರ್ ಕಾಯಿಲೆಗೆ ಮದ್ದು ಶುರುವಾಗುತ್ತದೆ, ಅಥವಾ ಎಪ್ಪತ್ತೈದರ ಅಜ್ಜಿಗೆ ಬೇಡದ ಥೈರಾಯ್ಡ್ ಮಾತ್ರೆ ಹಿಡಿದು ಎದೆಬಡಿತ ತಾಳ ತಪ್ಪುತ್ತದೆ.

ಎರಡಕ್ಕೂ ಇರುವ ನಂಟು

ಥೈರಾಯ್ಡ್ ಗ್ರಂಥಿಯಿಂದ ಹೊರಬರುವುದರಲ್ಲಿ ಹೆಚ್ಚಿನ ಪಾಲು ಟಿ4. ಅದು ಕಚ್ಚಾ ಸರಕು. ಜೀವಕೋಶಗಳಲ್ಲಿ ಕೆಲಸ ಮಾಡುವುದು ಟಿ3. ದೇಹದ ಟಿ3ಯಲ್ಲಿ ಶೇಕಡಾ 80ರಷ್ಟು ಗ್ರಂಥಿಯ ಹೊರಗೆ, ಲಿವರ್, ಕಿಡ್ನಿ, ಸ್ನಾಯುಗಳಂಥ ಕಡೆ ಟಿ4ನಿಂದಲೇ ತಯಾರಾಗುತ್ತದೆ. ಈ ಹಾರ್ಮೋನುಗಳನ್ನು ರಕ್ತದಲ್ಲಿ ಹೊತ್ತು ತಿರುಗುವ ಪ್ರೋಟೀನುಗಳನ್ನು ತಯಾರಿಸುವುದೂ ಲಿವರೇ. ಆದ್ದರಿಂದ ಲಿವರ್ ಕೆಟ್ಟಾಗ, ಗ್ರಂಥಿ ಸರಿಯಿದ್ದರೂ ಥೈರಾಯ್ಡ್ ರಿಪೋರ್ಟು ಏರುಪೇರಾಗಿ ಕಾಣಬಹುದು.

ತಿರುಗಿ ನೋಡಿದರೆ, ಲಿವರಿನಲ್ಲಿ ಕೊಬ್ಬು ಸುಡುವ ವೇಗವನ್ನೂ ರಕ್ತದ ಕೊಲೆಸ್ಟರಾಲನ್ನು ಲಿವರ್ ಹೀರಿಕೊಳ್ಳುವ ವೇಗವನ್ನೂ ಹೆಚ್ಚು ಕಡಿಮೆ ಮಾಡುವುದು ಥೈರಾಯ್ಡ್ ಹಾರ್ಮೋನು. ಅದು ಕಡಿಮೆಯಾದರೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಲಿವರಿನಲ್ಲಿ ಕೊಬ್ಬು ಕೂಡುತ್ತದೆ. ಲಿವರಿನ ಥೈರಾಯ್ಡ್ ಗ್ರಾಹಕವನ್ನೇ (ಹಾರ್ಮೋನು ಬಂದು ಕೂರುವ ಜಾಗವನ್ನೇ) ಗುರಿಯಾಗಿಸಿಕೊಂಡ ರೆಸ್ಮೆಟಿರೋಮ್ ಎಂಬ ಮದ್ದಿಗೆ ಅಮೆರಿಕದಲ್ಲಿ 2024ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿತು. ಫ್ಯಾಟಿ ಲಿವರಿನಿಂದ ಉರಿಯೂತವಾಗಿ, ಗಾಯದ ಕಲೆ ಮಧ್ಯಮ ಅಥವಾ ಅದಕ್ಕಿಂತ ಮುಂದಿನ ಹಂತಕ್ಕೆ ಬಂದವರಿಗಷ್ಟೇ ಅದು, ಸಿರೋಸಿಸ್, ಅಂದರೆ ಲಿವರೆಲ್ಲ ಕಲೆಗಟ್ಟಿ ಗಟ್ಟಿಯಾಗುವ ಕೊನೆಯ ಹಂತ, ತಲುಪಿದವರಿಗಲ್ಲ. ಇದನ್ನು ಕೇಳಿ 'ಹಾಗಾದರೆ ಫ್ಯಾಟಿ ಲಿವರಿಗೆ ಥೈರಾಯ್ಡ್ ಮಾತ್ರೆಯೇ ಸಾಕಲ್ಲ' ಎಂದುಕೊಳ್ಳುವವರಿದ್ದಾರೆ. ಸಾಲದು. ಮಾಮೂಲಿ ಥೈರಾಕ್ಸಿನ್ ಲಿವರನ್ನಷ್ಟೇ ಮುಟ್ಟಿ ಸುಮ್ಮನಿರುವುದಿಲ್ಲ. ಹೃದಯವನ್ನೂ ಮೂಳೆಯನ್ನೂ ಮುಟ್ಟುತ್ತದೆ. ತೂಕ ಇಳಿಸಲಿಕ್ಕೆ, ಲಿವರ್ ಕರಗಿಸಲಿಕ್ಕೆ ಎಂದು ಅದನ್ನು ನುಂಗುವ ಹಾಗೇ ಇಲ್ಲ.

ಮೊದಲ ಹೆಜ್ಜೆ: ರಕ್ತ ಕೊಡುವ ರೀತಿ

ಲ್ಯಾಬಿನಲ್ಲಿ 'ಥೈರಾಯ್ಡ್ ಪ್ರೊಫೈಲ್' ಎಂದರೆ ಬಹುತೇಕ ಸಿಗುವುದು ಟೋಟಲ್ ಟಿ3, ಟೋಟಲ್ ಟಿ4, ಟಿಎಸ್‌ಎಚ್. ಲಿವರ್ ಸಮಸ್ಯೆ ಇದ್ದವರಿಗೆ ಈ 'ಟೋಟಲ್' ಅಂಕಿಗಳು ದಾರಿ ತಪ್ಪಿಸುತ್ತವೆ. ಹೊಸದಾಗಿ ಹೆಪಟೈಟಿಸ್ ಆದಾಗ ಹೊರುವ ಪ್ರೋಟೀನು ಹೆಚ್ಚಾಗಿ ಟೋಟಲ್ ಟಿ4 ಮೇಲೇರಬಹುದು. ಸಿರೋಸಿಸ್‌ನಲ್ಲಿ ಟಿ3 ತಗ್ಗುತ್ತದೆ. ಎರಡೂ ಗ್ರಂಥಿಯ ರೋಗವಲ್ಲ. ಕೇಳಬೇಕಾದ್ದು ಟಿಎಸ್‌ಎಚ್ ಮತ್ತು ಫ್ರೀ ಟಿ4, ಅಂದರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟಿ4. ಚೀಟಿಯಲ್ಲಿ ಬರೆಯದಿದ್ದರೆ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ.

ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ರಕ್ತ ಕೊಡುವುದು ಒಳ್ಳೆಯದು. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ತಗ್ಗುತ್ತದೆ. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಬಸ್ಸು ತಪ್ಪಿ ಮಧ್ಯಾಹ್ನ ಕೊಟ್ಟರೆ ಹೋಲಿಕೆಗೇ ಅರ್ಥವಿಲ್ಲ. ಮಾತ್ರೆ ತೆಗೆದುಕೊಳ್ಳುವವರು ಆ ದಿನದ ಮಾತ್ರೆಯನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು. ಮೊದಲೇ ನುಂಗಿದರೆ ಕೆಲವು ಗಂಟೆ ಫ್ರೀ ಟಿ4 ಸುಳ್ಳಾಗಿ ಹೆಚ್ಚು ತೋರುತ್ತದೆ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ತಿನ್ನುವವರು ಅದನ್ನು ಕನಿಷ್ಠ ಎರಡು ದಿನ ಮೊದಲೇ ಬಿಡಬೇಕು. ಬಯೋಟಿನ್ ಅನೇಕ ಯಂತ್ರಗಳನ್ನು ಮೋಸ ಮಾಡಿ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ತೋರಿಸುತ್ತದೆ. ಸರಿಯಿದ್ದವರಿಗೂ 'ಹೈಪರ್' ಎಂಬ ಹಣೆಪಟ್ಟಿ ಬೀಳುವುದು ಹೀಗೆ.

ಜ್ವರ, ನ್ಯುಮೋನಿಯಾ, ಆಪರೇಷನ್ ಎಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ತೆಗೆದ ಥೈರಾಯ್ಡ್ ರಿಪೋರ್ಟನ್ನು, ತೀರಾ ವಿಪರೀತ ಅಂಕಿ ಇಲ್ಲದಿದ್ದರೆ, ನಂಬಿ ಮದ್ದು ಶುರುಮಾಡಬಾರದು. ಯಾವುದೇ ದೊಡ್ಡ ಕಾಯಿಲೆಯಲ್ಲಿ ದೇಹ ತಾನಾಗಿಯೇ ಟಿ3 ತಯಾರಿ ತಗ್ಗಿಸುತ್ತದೆ. ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಸ್ವಲ್ಪ ದಿನ ಏರುತ್ತದೆ. ಮನೆಗೆ ಬಂದು ಆರರಿಂದ ಎಂಟು ವಾರ ಕಳೆದು ಮತ್ತೆ ನೋಡಿ. ಒಂದೇ ಲ್ಯಾಬಿಗೆ ಅಂಟಿಕೊಳ್ಳುವುದೂ ಮುಖ್ಯ. ರಾಜ್ಯದ ಗಡಿಯಾದ ತಲಪಾಡಿಯ ಆಚೆ ಒಮ್ಮೆ, ಈಚೆ ಒಮ್ಮೆ ಮಾಡಿಸಿದರೆ ಯಂತ್ರ ಬೇರೆ, ಅಂಕಿಯೂ ಬೇರೆ.

ಎರಡನೇ ಹೆಜ್ಜೆ: ಟಿಎಸ್‌ಎಚ್ ಅನ್ನು ವಯಸ್ಸಿನ ಜೊತೆ ಓದುವುದು

ರಿಪೋರ್ಟಿನ ಬದಿಯಲ್ಲಿ ಅಚ್ಚಾಗುವ 0.4ರಿಂದ 4.5ರವರೆಗಿನ ಮಿತಿ ಎಲ್ಲ ವಯಸ್ಸಿನವರಿಗೂ ಒಂದೇ ಇರುತ್ತದೆ. ದೇಹ ಹಾಗಿಲ್ಲ. ವಯಸ್ಸಾದಂತೆ ಟಿಎಸ್‌ಎಚ್ ಸಹಜವಾಗಿಯೇ ಮೇಲಕ್ಕೆ ಸರಿಯುತ್ತದೆ. ಎಂಬತ್ತರವರಲ್ಲಿ 6, 7 ಇದ್ದು, ಫ್ರೀ ಟಿ4 ಸರಿಯಿದ್ದರೆ ಅದು ಆ ವಯಸ್ಸಿಗೆ ಸರಿಯೇ ಇರಬಹುದು. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2014ರ ಮಾರ್ಗಸೂಚಿ, ಮಾತ್ರೆ ತೆಗೆದುಕೊಳ್ಳುತ್ತಿರುವ 70–80 ದಾಟಿದವರಿಗೂ ಗುರಿಯನ್ನು 4ರಿಂದ 6ಕ್ಕೆ ಏರಿಸಬಹುದು ಎನ್ನುತ್ತದೆ.

65 ದಾಟಿದ, ಟಿಎಸ್‌ಎಚ್ ಸ್ವಲ್ಪ ಏರಿ ಫ್ರೀ ಟಿ4 ಸರಿಯಿದ್ದ 737 ಜನರ ಮೇಲೆ ಯುರೋಪಿನಲ್ಲಿ ನಡೆದ 'ಟ್ರಸ್ಟ್' ಅಧ್ಯಯನ 2017ರಲ್ಲಿ ಹೊರಬಂತು. ಅರ್ಧದಷ್ಟು ಜನರಿಗೆ ಥೈರಾಕ್ಸಿನ್, ಉಳಿದವರಿಗೆ ಹುಸಿ ಮಾತ್ರೆ. ಒಂದು ವರ್ಷದ ನಂತರ ಸುಸ್ತಿನಲ್ಲಾಗಲಿ, ಉಳಿದ ಥೈರಾಯ್ಡ್ ಲಕ್ಷಣಗಳಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. 'ಮಾತ್ರೆ ಹಿಡಿದರೆ ಅಜ್ಜ ಚುರುಕಾಗುತ್ತಾರೆ' ಎಂಬ ಆಸೆ ಈ ಗಡಿಯಲ್ಲಿರುವವರ ಮಟ್ಟಿಗೆ ಬರೀ ಆಸೆ.

ವೈದ್ಯರ ಜೊತೆ ಮಾತಾಡುವಾಗ ಹೀಗೆ ನೆನಪಿಟ್ಟುಕೊಳ್ಳಿ. ಟಿಎಸ್‌ಎಚ್ 10 ದಾಟಿ ಮತ್ತೆ ಪರೀಕ್ಷಿಸಿದಾಗಲೂ ಹಾಗೇ ಇದ್ದರೆ, ಅಥವಾ ಫ್ರೀ ಟಿ4 ಕಡಿಮೆಯಿದ್ದರೆ, ಮದ್ದಿನ ವಿಚಾರ ಬರುತ್ತದೆ. 4.5ರಿಂದ 10ರ ನಡುವೆ ಇದ್ದು ಫ್ರೀ ಟಿ4 ಸರಿಯಿದ್ದರೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ. ತನ್ನಿಂದ ತಾನೇ ಇಳಿದಿರುವುದು ಬಹಳ ಸಾಮಾನ್ಯ. 0.1ಕ್ಕಿಂತ ಕಡಿಮೆಯಿದ್ದರೆ ಮಾತ್ರ ಮುಂದೂಡಬೇಡಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 60 ದಾಟಿದವರನ್ನು ಹತ್ತು ವರ್ಷ ಗಮನಿಸಿದ, 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಷ್ಟು ಕಡಿಮೆ ಟಿಎಸ್‌ಎಚ್ ಇದ್ದವರಿಗೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ತಾಳ ತಪ್ಪಿದ ಎದೆಬಡಿತ, ಮೂರು ಪಟ್ಟು ಹೆಚ್ಚಾಗಿತ್ತು. ಅದರ ಹಿಂದೆಯೇ ಬರುವುದು ಪಾರ್ಶ್ವವಾಯುವಿನ ಅಪಾಯ. ಮೂಳೆಯೂ ಸವೆಯುತ್ತದೆ. ಮಾತ್ರೆ ಹೆಚ್ಚಾಗಿ ಈ ಸ್ಥಿತಿಗೆ ಬಂದ ಹಿರಿಯರು ಕಡಿಮೆಯೇನಿಲ್ಲ: ಹತ್ತು ವರ್ಷದ ಹಿಂದೆ 65 ಕಿಲೋ ಇದ್ದಾಗ ಬರೆದ 100 ಮೈಕ್ರೋಗ್ರಾಂ, ಈಗ 52 ಕಿಲೋ ಆದ ಮೇಲೂ ಅದೇ ಮುಂದುವರಿದಿರುತ್ತದೆ.

ಲಕ್ಷಣಗಳೂ ಮುದುಕರಲ್ಲಿ ಪುಸ್ತಕದಂತೆ ಬರುವುದಿಲ್ಲ. ಹಾರ್ಮೋನು ಕಡಿಮೆಯಾದರೆ ಮಲಬದ್ಧತೆ, ಸ್ವರ ದೊರಗಾಗುವುದು, ಕಿವಿ ಮಂದ, ಮರೆವು, ಮಂಕು. ಎಲ್ಲವೂ 'ಪ್ರಾಯ ಆಯಿತಲ್ಲ' ಎಂಬ ಮಾತಿನಡಿ ಮುಚ್ಚಿಹೋಗುತ್ತವೆ. ಹೆಚ್ಚಾದರೆ ಯುವಕರಂತೆ ನಡುಕ, ಬೆವರು, ಚಡಪಡಿಕೆ ಕಾಣದೆ, ಬರೀ ತೂಕ ಇಳಿದು, ಹಸಿವು ಹೋಗಿ, ಮೌನವಾಗಿ ಮೂಲೆ ಹಿಡಿಯಬಹುದು.

ಮೂರನೇ ಹೆಜ್ಜೆ: ಲಿವರ್ ಅಂಕಿಗಳನ್ನು ಬಿಡಿಸುವುದು

ಎಸ್‌ಜಿಒಟಿ ಬರೀ ಲಿವರಿನದ್ದಲ್ಲ. ಸ್ನಾಯುಗಳಲ್ಲೂ ಧಾರಾಳವಾಗಿದೆ. ಥೈರಾಯ್ಡ್ ಚೆನ್ನಾಗಿ ಕಡಿಮೆಯಾದವರ ಸ್ನಾಯು ಸೋರಿ ಎಸ್‌ಜಿಒಟಿ ಏರುತ್ತದೆ. ಅದರೊಂದಿಗೆ ಸಿಪಿಕೆ ಎಂಬ ಸ್ನಾಯುವಿನ ಕಿಣ್ವವೂ ಏರಿರುತ್ತದೆ. ಹೆಚ್ಚಾಗಿ ಲಿವರಿನದ್ದೇ ಆದ ಎಸ್‌ಜಿಪಿಟಿ ಎಂಬ ಕಿಣ್ವಕ್ಕಿಂತ ಎಸ್‌ಜಿಒಟಿ ಹೆಚ್ಚಿದ್ದು, ಜಿಜಿಟಿ (ಲಿವರ್ ಮತ್ತು ಪಿತ್ತನಾಳದ ಕಿಣ್ವ) ಸರಿಯಿದ್ದು, ಮೈಕೈ ನೋವಿದ್ದರೆ ಸಿಪಿಕೆ ಮಾಡಿಸಿ. ಕೊಲೆಸ್ಟರಾಲಿಗೆ ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಮುಖ್ಯ: ಥೈರಾಯ್ಡ್ ಕಡಿಮೆಯಿರುವಾಗ ಸ್ಟ್ಯಾಟಿನ್ ಕೊಟ್ಟರೆ ಸ್ನಾಯುವಿಗೆ ಪೆಟ್ಟಾಗುವ ಸಂಭವ ಹೆಚ್ಚು. ಹೊಸದಾಗಿ ಸ್ಟ್ಯಾಟಿನ್ ಶುರುಮಾಡುವ ಮೊದಲು ಟಿಎಸ್‌ಎಚ್ ನೋಡಿರಬೇಕು. ಥೈರಾಯ್ಡ್ ಸರಿಯಾದರೆ ಎಷ್ಟೋ ಜನರ ಎಲ್‌ಡಿಎಲ್ ತಾನಾಗಿಯೇ ಇಳಿಯುತ್ತದೆ. ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಮೇಲಿದ್ದು ಜಿಜಿಟಿಯೂ ಏರಿದ್ದರೆ ಕಥೆ ಬೇರೆ. ಆಗ ಸಂಜೆಯ ಕುಡಿತದ ಬಗ್ಗೆ ಮನೆಯವರು ನೇರವಾಗಿ ಹೇಳಬೇಕು.

ಲಿವರ್ ಪರೀಕ್ಷೆಯಲ್ಲಿ ಬರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕೂಡ ಇಂಥದ್ದೇ. ಥೈರಾಯ್ಡ್ ಹೆಚ್ಚಾದವರಲ್ಲಿ ಅದು ಮೂಳೆಯಿಂದ ಬಂದಿರಬಹುದು, ಚಿಕಿತ್ಸೆ ಶುರುವಾದ ಮೇಲೂ ಕೆಲವು ತಿಂಗಳು ಎತ್ತರದಲ್ಲೇ ಇರಬಹುದು. ಆದರೆ ಹಾಶಿಮೋಟೊ ಥೈರಾಯ್ಡ್ (ಸ್ವಂತ ರೋಗನಿರೋಧಕ ಶಕ್ತಿಯೇ ಗ್ರಂಥಿಯನ್ನು ಕೆಡಿಸುವ ಕಾಯಿಲೆ) ಇರುವ ಹೆಂಗಸಿಗೆ ಆಲ್ಕಲೈನ್ ಫಾಸ್ಫಟೇಸ್ ಮತ್ತು ಜಿಜಿಟಿ ಎರಡೂ ಏರಿ, ಅಂಗೈ ಅಂಗಾಲು ತುರಿಸುತ್ತಿದ್ದರೆ ಎಎಂಎ ಎಂಬ ಪರೀಕ್ಷೆ ಕೇಳಿ. ಸ್ವಂತ ರೋಗನಿರೋಧಕ ಶಕ್ತಿಯೇ ಪಿತ್ತನಾಳಗಳ ಮೇಲೆ ತಿರುಗಿಬೀಳುವ ಕಾಯಿಲೆಯೊಂದಿದೆ. ಅದು ಹಾಶಿಮೋಟೊದವರಲ್ಲಿ ಉಳಿದವರಿಗಿಂತ ಹೆಚ್ಚು.

ಇನ್ನು ಸ್ಕ್ಯಾನಿನ 'ಗ್ರೇಡ್ 1'. ಹೊಟ್ಟೆಯ ಅಲ್ಟ್ರಾಸೌಂಡು ಕೊಬ್ಬನ್ನು ತೋರಿಸುತ್ತದೆ. ಲಿವರ್ ಗಟ್ಟಿಯಾಗುತ್ತಿದೆಯೇ ಎಂಬುದನ್ನು ಆರಂಭದಲ್ಲಿ ತೋರಿಸುವುದಿಲ್ಲ. ಮುಂದಿನ ಆಯಸ್ಸಿಗೆ ಲೆಕ್ಕಕ್ಕೆ ಬರುವುದು ಆ ಗಟ್ಟಿತನವೇ. ಅದಕ್ಕೆ ಖರ್ಚಿಲ್ಲದ ಲೆಕ್ಕವೊಂದಿದೆ: ಫಿಬ್-4. ಬೇಕಾದ್ದು ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ಟನ್ನು (ಸಾವಿರಗಳಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

68 ವರ್ಷ, ಎಸ್‌ಜಿಒಟಿ 44, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 2,10,000 ಎಂದಿಟ್ಟುಕೊಳ್ಳಿ. 68 × 44 = 2992. 36ರ ವರ್ಗಮೂಲ 6; 210 × 6 = 1260. 2992 ÷ 1260 = ಸುಮಾರು 2.37. 65ಕ್ಕಿಂತ ಕೆಳಗಿನವರಿಗೆ 1.3ರ ಒಳಗೆ, 65 ಮತ್ತು ಮೇಲಿನವರಿಗೆ 2.0ರ ಒಳಗೆ ಇದ್ದರೆ ಸದ್ಯಕ್ಕೆ ಚಿಂತೆ ಬೇಡ. 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು. ನಮ್ಮ 2.37 ನಡುವೆ ಬಿತ್ತು, ಹಾಗಾಗಿ ಲಿವರಿನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್. ಅದರಲ್ಲಿ 8 ಕಿಲೋಪಾಸ್ಕಲ್ ಒಳಗಿದ್ದರೆ ಸಮಾಧಾನ, 12 ದಾಟಿದರೆ ಗಂಭೀರ.

ಕ್ರಮದ ಮಾತು ಕೆಲಸಕ್ಕೆ ಬರುವುದು ಇಲ್ಲೇ. ಇದೇ ವ್ಯಕ್ತಿಯ ಟಿಎಸ್‌ಎಚ್ 38 ಇದ್ದು, ಆ 44ರಲ್ಲಿ ಒಂದಷ್ಟು ಸ್ನಾಯುವಿನಿಂದ ಸೋರಿದ್ದಾಗಿದ್ದರೆ 2.37 ಎಂಬ ಉತ್ತರವೇ ತಪ್ಪು. ಥೈರಾಯ್ಡ್ ಸರಿಯಾಗಿ ಎಸ್‌ಜಿಒಟಿ 30ಕ್ಕೆ, ಎಸ್‌ಜಿಪಿಟಿ 30ಕ್ಕೆ ಬಂದರೆ ಅದೇ ಲೆಕ್ಕ 1.77 ಆಗುತ್ತದೆ; ಫೈಬ್ರೋಸ್ಕ್ಯಾನಿನ ಖರ್ಚೂ ಉಳಿಯುತ್ತದೆ, ರಾತ್ರಿಯ ನಿದ್ದೆಯೂ ಉಳಿಯುತ್ತದೆ. ಕಾಮಾಲೆ, ಹೊಟ್ಟೆಯಲ್ಲಿ ನೀರು, ಪ್ಲೇಟ್‌ಲೆಟ್ ತೀರಾ ಕಡಿಮೆ ಮುಂತಾದವು ಇದ್ದರೆ ಮಾತ್ರ ಥೈರಾಯ್ಡಿಗೆ ಕಾಯದೆ ಲಿವರನ್ನೇ ಮೊದಲು ನೋಡಬೇಕು.

ನಾಲ್ಕನೇ ಹೆಜ್ಜೆ: ಮಾತ್ರೆ

ಥೈರಾಯ್ಡ್ ಸರಿಯಾಗಲಿಲ್ಲ ಎನ್ನುವವರಲ್ಲಿ ಎಷ್ಟೋ ಜನರ ತೊಂದರೆ ಡೋಸಿನದ್ದಲ್ಲ, ನುಂಗುವ ರೀತಿಯದ್ದು.

ಯುವಕರಿಗೆ ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ ಪೂರ್ತಿ ಡೋಸ್ ಒಮ್ಮೆಲೇ ಕೊಡಬಹುದು. ಹಿರಿಯರಿಗೆ, ಅದರಲ್ಲೂ ಹೃದಯದ ತೊಂದರೆ ಇದ್ದವರಿಗೆ, 12.5ರಿಂದ 25 ಮೈಕ್ರೋಗ್ರಾಂನಿಂದ ಶುರು. ಆರರಿಂದ ಎಂಟು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡಿ ಏರಿಸುವುದು. ಈ ಮದ್ದಿನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು, ಸುಮಾರು ಒಂದು ವಾರ. ಹಾಗಾಗಿ ಹದಿನೈದು ದಿನಕ್ಕೆ ರಕ್ತ ನೋಡಿ ಡೋಸ್ ಬದಲಿಸುವುದು ದುಡ್ಡು ದಂಡ. ಏರಿಸಿದ ಮೇಲೆ ಎದೆನೋವು, ಏದುಸಿರು ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ತೋಟದ ಮನೆಗಳಲ್ಲಿ ಹಿರಿಯರು ಏಳುವುದು ಐದಕ್ಕೆ, ಐದೂಕಾಲಕ್ಕೆ ಕೈಯಲ್ಲಿ ಚಾ. ಮಾತ್ರೆಯೂ ಅದೇ ಚಾದ ಜೊತೆ ಇಳಿಯುತ್ತದೆ. ಹಾಲು, ಚಾ, ಕಾಫಿ ಯಾವುದೇ ಆಗಲಿ, ಮಾತ್ರೆ ರಕ್ತಕ್ಕೆ ಸೇರುವುದನ್ನು ತಗ್ಗಿಸಬಹುದು. ಕಾಫಿಯ ಮಟ್ಟಿಗಂತೂ ಇದು ಚೆನ್ನಾಗಿ ಸಾಬೀತಾಗಿದೆ. ಖಾಲಿ ಹೊಟ್ಟೆಯಲ್ಲೂ ಹೀರಲ್ಪಡುವುದು ಶೇಕಡಾ 70–80 ಮಾತ್ರ; ಆಹಾರ ಸೇರಿದರೆ ಇನ್ನೂ ಕಡಿಮೆ. ಬೆಳಗಿನ ಕ್ರಮ ಹೀಗಿರಲಿ:

1. ಬಾಟ್ಲಿ ಮತ್ತು ಮುಚ್ಚಳ ಹಾಕಿದ ನೀರಿನ ಲೋಟ ಮಂಚದ ಹತ್ತಿರ. ಅಡುಗೆಕೋಣೆಯಲ್ಲಿಟ್ಟರೆ ಮೊದಲು ಕೈಹೋಗುವುದು ಚಾಕ್ಕೆ.
2. ಎದ್ದ ಕೂಡಲೇ ಬರೀ ನೀರಿನಲ್ಲಿ ಮಾತ್ರೆ.
3. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನೂ ಬೇಡ. ಕೊತ್ತಂಬರಿ-ಜೀರಿಗೆ ಕಷಾಯ ಹಾಲು ಹಾಕಿದ್ದಾದರೆ ಅದೂ ಬೇಡ.
4. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಂಟಾಸಿಡ್ ಸಿರಪ್ ನಾಲ್ಕು ಗಂಟೆ ಬಿಟ್ಟು; ಮಧ್ಯಾಹ್ನದ ಊಟದ ಜೊತೆಗೆ ಇಟ್ಟುಕೊಂಡರೆ ಸುಲಭ.

ಬೆಳಗಿನ ಚಾ ಬಿಡಲು ಒಪ್ಪದವರ ಜೊತೆ ಜಗಳ ಬೇಡ. ರಾತ್ರಿ ಊಟವಾಗಿ ಮೂರು ಗಂಟೆ ಕಳೆದು, ಮಲಗುವಾಗ ತೆಗೆದುಕೊಂಡರೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ರಂಜಾನ್ ತಿಂಗಳಿನಲ್ಲೂ ಈ ಹೊತ್ತೇ ಅನುಕೂಲ. ಏಕಾದಶಿ ಉಪವಾಸದ ದಿನ ಮಾತ್ರೆ ಬಿಡುವವರಿದ್ದಾರೆ. ಖಾಲಿ ಹೊಟ್ಟೆಯೇ ಬೇಕಾದ ಮದ್ದಿಗೆ ಉಪವಾಸ ಅಡ್ಡಿಯಾಗುವುದಾದರೂ ಹೇಗೆ? ಒಂದು ದಿನ ಮರೆತರೆ ದಿಗಿಲು ಬೇಡ. ಆ ದಿನವೇ ನೆನಪಾದಾಗ ತೆಗೆದುಕೊಳ್ಳಿ; ಹೃದಯದ ತೊಂದರೆ ಇದ್ದವರು ಮರುದಿನ ಎರಡು ನುಂಗಬಾರದು.

'ಗ್ಯಾಸಿನ ಮಾತ್ರೆ' ಬೇರೆಯೇ ತಕರಾರು. ಪ್ಯಾಂಟೊಪ್ರಜೋಲ್ ಕೂಡ ಖಾಲಿ ಹೊಟ್ಟೆಯದ್ದು ಎಂದು ಎರಡನ್ನೂ ಒಟ್ಟಿಗೆ ನುಂಗುತ್ತಾರೆ. ಅದು ಹೊಟ್ಟೆಯ ಆಮ್ಲವನ್ನೇ ದಿನವಿಡೀ ತಗ್ಗಿಸುವುದರಿಂದ ಹೊತ್ತು ಬದಲಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಅದು ನಿಜಕ್ಕೂ ಬೇಕೇ ಎಂದು ಕೇಳಿ. ಬೇಕೆಂದಾದರೆ ಶುರುಮಾಡಿದ ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿ ಡೋಸ್ ಹೊಂದಿಸಿಕೊಳ್ಳಬೇಕು. ಪಿತ್ತದ ತುರಿಕೆಗೆ ಕೊಡುವ ಕೊಲೆಸ್ಟೈರಮಿನ್ ಪುಡಿ ಥೈರಾಕ್ಸಿನನ್ನು ಕರುಳಿನಲ್ಲೇ ಹಿಡಿದಿಟ್ಟುಬಿಡುತ್ತದೆ. ನಡುವೆ ಕನಿಷ್ಠ ನಾಲ್ಕು ಗಂಟೆಯ ಅಂತರ ಬೇಕೇ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಉಪ್ಪೇ ನೀರಾಗುತ್ತದೆ, ಮಾತ್ರೆ ಎಷ್ಟರದ್ದು! ಥೈರಾಕ್ಸಿನ್ ಶಾಖ, ಬೆಳಕು, ತೇವ ಮೂರಕ್ಕೂ ಸೋಲುತ್ತದೆ. ಬಾಟ್ಲಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ. ಮಾತ್ರೆಯನ್ನು ಅಂಗೈಗೆ ಸುರಿದು ಆರಿಸಿ ಉಳಿದದ್ದನ್ನು ಮತ್ತೆ ಹಾಕಬೇಡಿ. ಒಲೆಯ ಮೇಲಿನ ಗೂಡು, ಬಚ್ಚಲಿನ ಕಪಾಟು ಎರಡೂ ಬೇಡ. ಮೆತ್ತಗಾದ, ಬಣ್ಣ ತಿರುಗಿದ ಮಾತ್ರೆ ಬಿಸಾಡಿ. ಆಟಿ ತಿಂಗಳು ಕಳೆದು ಟಿಎಸ್‌ಎಚ್ ಇದ್ದಕ್ಕಿದ್ದಂತೆ ಏರಿದ್ದರೆ ಡೋಸ್ ಹೆಚ್ಚಿಸುವ ಮೊದಲು ಬಾಟ್ಲಿ ನೋಡಬೇಕು.

ಜನೌಷಧಿ, ಕಾರುಣ್ಯ, ನೀತಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ತಿಂಗಳು ಕಂಪನಿ ಬದಲಾಗಬಾರದು. ಬದಲಾಯಿಸಿದರೆ ಆರೆಂಟು ವಾರಕ್ಕೆ ರಕ್ತ ನೋಡಿ. ಇನ್ನೊಂದು: 12.5, 25, 50, 62.5, 75, 100 ಎಂದು ಹಲವು ಅಳತೆಗಳು, ಬಾಟ್ಲಿ ಎಲ್ಲವೂ ಒಂದೇ ರೀತಿ. ಅಂಗಡಿಯವರು ಮಲಯಾಳದಲ್ಲಿ ಬರೆದುಕೊಟ್ಟದ್ದು ಕನ್ನಡ ಮಾತ್ರ ಓದುವ ಅಜ್ಜಿಗೆ ತಿಳಿಯುವುದಿಲ್ಲ. ಬಾಟ್ಲಿಗೆ ಪಟ್ಟಿ ಅಂಟಿಸಿ ದಪ್ಪ ಪೆನ್ನಿನಲ್ಲಿ ಕನ್ನಡದಲ್ಲೇ ಬರೆದಿಡಿ.

ಹೆಚ್ಚಾದವರ ಮದ್ದು

ಥೈರಾಯ್ಡ್ ಹೆಚ್ಚಾದವರಿಗೆ ಸಾಮಾನ್ಯವಾಗಿ ಕೊಡುವುದು ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್. ಇವು ಅಪರೂಪಕ್ಕೆ ಪಿತ್ತ ಕಟ್ಟಿಸಿ ಕಾಮಾಲೆ ತರುತ್ತವೆ. ಇನ್ನೊಂದು ಮದ್ದು ಪ್ರೊಪೈಲ್‌ಥಯೋಯುರಾಸಿಲ್ ಲಿವರನ್ನೇ ಗಂಭೀರವಾಗಿ ಕೆಡಿಸಬಲ್ಲದು. ಅಮೆರಿಕದ ಎಫ್‌ಡಿಎ 2010ರಲ್ಲಿ ಅದಕ್ಕೆ ಅತ್ಯಂತ ಕಟುವಾದ ಎಚ್ಚರಿಕೆ ಹಾಕಿಸಿತು. ಹಾರ್ಮೋನು ಹೆಚ್ಚಿದ್ದರೇ ಲಿವರಿನ ಅಂಕಿ ಏರುವುದುಂಟು, ಆದ್ದರಿಂದ ಮದ್ದು ಶುರುಮಾಡುವ ಮೊದಲೇ ಒಂದು ಲಿವರ್ ಪರೀಕ್ಷೆ ಮತ್ತು ರಕ್ತಕಣಗಳ ಎಣಿಕೆ ಮಾಡಿಸಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಆಮೇಲೆ ಅಂಕಿ ಏರಿದಾಗ ತಪ್ಪು ಕಾಯಿಲೆಯದ್ದೋ ಮದ್ದಿನದ್ದೋ ತಿಳಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿದ್ದರೆ, ಥೈರಾಯ್ಡ್ ಏರಿಳಿದಂತೆ ಅದರ ಪರಿಣಾಮವೂ ಏರಿಳಿಯುತ್ತದೆ. ಅದಕ್ಕಾಗಿ ಮಾಡುವ ಐಎನ್‌ಆರ್ ರಕ್ತಪರೀಕ್ಷೆ ಆಗಾಗ ನೋಡಬೇಕು.

ಹೃದಯದ ತಾಳಕ್ಕೆ ಕೊಡುವ ಅಮಿಯೊಡಾರೋನ್ ಎರಡೂ ಕಡೆ ಕೈಹಾಕುವ ಮದ್ದು. 200 ಮಿಲಿಗ್ರಾಂ ಮಾತ್ರೆಯೊಂದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ದಿನಕ್ಕೆ ನಮಗೆ ಬೇಕಾದ್ದು 150 ಮೈಕ್ರೋಗ್ರಾಂ. ಥೈರಾಯ್ಡ್ ಕಡಿಮೆಯೂ ಆಗಬಹುದು, ಹೆಚ್ಚೂ ಆಗಬಹುದು, ಲಿವರೂ ಕೆಡಬಹುದು. ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ಮತ್ತು ಲಿವರ್ ಪರೀಕ್ಷೆ ಎರಡೂ ಕಡ್ಡಾಯ.

ಹಿತ್ತಿಲಿನ ಮದ್ದು

ಬೇಲಿಯ ಅಮೃತಬಳ್ಳಿ ಕಷಾಯದ ಬಗ್ಗೆ ಹೇಳಲೇಬೇಕು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅದು ಕುದಿಯಿತು. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ತೆಗೆದುಕೊಂಡ ನಂತರ ಲಿವರಿಗೆ ಪೆಟ್ಟಾದ ರೋಗಿಗಳ ಬಗ್ಗೆ ವರದಿ ಮಾಡಿದರು. ಸ್ವಂತ ರೋಗನಿರೋಧಕ ಶಕ್ತಿ ಲಿವರಿನ ಮೇಲೆ ತಿರುಗಿಬಿದ್ದ ಲಕ್ಷಣಗಳು ಅವರಲ್ಲಿದ್ದವು, ಕೆಲವರಿಗೆ ಮೊದಲೇ ಥೈರಾಯ್ಡ್ ಇತ್ತು. ಹಾಶಿಮೋಟೊ ಇರುವವರು ತಿಂಗಳುಗಟ್ಟಲೆ ಅಮೃತಬಳ್ಳಿ ಕುಡಿಯುವುದು ಬೇಡ. ಅಶ್ವಗಂಧದ್ದು ಇನ್ನೊಂದು ಬಗೆ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಕಾಮಾಲೆ ತಂದ ಪ್ರಕರಣಗಳೂ ದಾಖಲಾಗಿವೆ. ಥೈರಾಕ್ಸಿನ್ ತಿನ್ನುವವರು ಜೊತೆಗೆ 'ಶಕ್ತಿಗೆ' ಎಂದು ಅಶ್ವಗಂಧ ಕ್ಯಾಪ್ಸೂಲ್ ತಿಂದರೆ ಟಿಎಸ್‌ಎಚ್ ಏಕೆ ಕುಸಿಯಿತು ಎಂದು ವೈದ್ಯರು ತಲೆಕೆರೆದುಕೊಳ್ಳಬೇಕಾಗುತ್ತದೆ. ಗ್ರೀನ್ ಟೀಯ ಸಾರದ ಮಾತ್ರೆ, ಕಡಲಕಳೆಯ ಮಾತ್ರೆ, ಹೆಸರಿಲ್ಲದ ಪೊಟ್ಟಣದ ಪುಡಿ ಇವುಗಳನ್ನೂ ದೂರವಿಡಿ. ತಿನ್ನುತ್ತಿದ್ದರೆ ವೈದ್ಯರೆದುರು ಮುಚ್ಚಿಡಬೇಡಿ.

ಊಟ, ಉಪ್ಪು, ಸ್ನಾಯು

ಕಲ್ಲುಪ್ಪಿನಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಉಪ್ಪಿನಕಾಯಿಗೆ ಇರಲಿ, ದಿನದ ಅಡುಗೆಗೆ ಅಯೋಡಿನ್ ಉಪ್ಪು. ಡಬ್ಬಿ ಮುಚ್ಚಿಡಿ, ಕುದಿ ಮುಗಿಯುವ ಹೊತ್ತಿಗೆ ಹಾಕಿ. ಸಮುದ್ರದ ಮೀನು ತಿನ್ನುವವರಿಗೆ ಅಯೋಡಿನ್ ಅಲ್ಲಿಂದಲೂ ಸಿಗುತ್ತದೆ. ಅದರ ಮೇಲೆ ಅಯೋಡಿನ್ ಮಾತ್ರೆ ಯಾರಿಗೂ ಬೇಡ; ಹಾಶಿಮೋಟೊ ಇದ್ದವರಿಗೆ ಅದು ತೊಂದರೆಯನ್ನೇ ಹೆಚ್ಚಿಸೀತು. ಮರಗೆಣಸು ಥೈರಾಯ್ಡಿಗೆ ಅಡ್ಡಿ ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಅಯೋಡಿನ್ ಕೊರತೆ ಇದ್ದಲ್ಲಿ ಮಾತ್ರ. ಸಿಪ್ಪೆ ದಪ್ಪಗೆ ತೆಗೆದು, ತೆರೆದ ಪಾತ್ರೆಯಲ್ಲಿ ಧಾರಾಳ ನೀರಲ್ಲಿ ಬೇಯಿಸಿ, ನೀರು ಚೆಲ್ಲಿ ತಿಂದರೆ ವಾರಕ್ಕೊಮ್ಮೆ ಏನೂ ಆಗದು.

ತೆಂಗಿನೆಣ್ಣೆ ಕುಡಿದರೆ ಥೈರಾಯ್ಡ್ ವಾಸಿ ಎಂಬ ವಾಟ್ಸಾಪ್ ಸಂದೇಶಕ್ಕೆ ಆಧಾರವಿಲ್ಲ. ತೆಂಗಿನ ಸಂಶೋಧನೆ ಮಾಡುವ ಸಿಪಿಸಿಆರ್‌ಐ ಇರುವ ಊರಿನವರಿಗೆ ತೆಂಗಿನ ಮೇಲೆ ಅಭಿಮಾನ ಇರುವುದು ಸಹಜವೇ. ಆದರೂ ಅದರ ಕೊಬ್ಬಿನಲ್ಲಿ ಶೇಕಡಾ 80ಕ್ಕೂ ಹೆಚ್ಚು ಸ್ಯಾಚುರೇಟೆಡ್. ಎಲ್‌ಡಿಎಲ್ ಆಗಲೇ ಏರಿರುವವರು ಚಮಚಗಟ್ಟಲೆ ಕುಡಿಯುವುದು ಬೇಡ, ಒಗ್ಗರಣೆಗೆ ಸಾಕು.

ಲಿವರಿನ ಕೊಬ್ಬಿಗೆ ಮದ್ದಿಗಿಂತ ದೊಡ್ಡ ಮದ್ದು ತೂಕ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ತೂಕದ ಶೇಕಡಾ 5 ಇಳಿಸಿದರೆ ಕೊಬ್ಬು ಇಳಿಯುತ್ತದೆ. 7ರಿಂದ 10 ಇಳಿಸಿದರೆ ಉರಿಯೂತವೂ ತಗ್ಗುತ್ತದೆ. 70 ಕಿಲೋದವರಿಗೆ ಅಂದರೆ ಆರು ತಿಂಗಳಿನಲ್ಲಿ ಮೂರೂವರೆಯಿಂದ ಏಳು ಕಿಲೋ. ಕುಚ್ಚಲಕ್ಕಿ ಅನ್ನ ಒಳ್ಳೆಯದೇ, ಆದರೆ ಮೂರು ಹೊತ್ತೂ ತಟ್ಟೆ ತುಂಬ ತಿಂದರೆ ಅದೂ ಲಿವರಿಗೇ ಹೋಗುತ್ತದೆ. ಎಪ್ಪತ್ತು ದಾಟಿದ, ತೆಳ್ಳಗಿರುವವರು ಮಾತ್ರ ತೂಕ ಇಳಿಸುವ ಗೊಡವೆಗೆ ಹೋಗಬಾರದು. ಅವರಿಗೆ ಬೇಕಾದ್ದು ಸ್ನಾಯು. ಥೈರಾಯ್ಡ್ ಎರಡೂ ದಿಕ್ಕಿನಲ್ಲಿ ತಪ್ಪಿದರೆ ಸ್ನಾಯು ಸೊರಗುತ್ತದೆ, ಲಿವರ್ ಕೆಟ್ಟರೂ ಸೊರಗುತ್ತದೆ. ಕಿಡ್ನಿ ಸರಿಯಿದ್ದರೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು: 55 ಕಿಲೋದವರಿಗೆ ದಿನಕ್ಕೆ 55ರಿಂದ 66 ಗ್ರಾಂ. ನೀರುದೋಸೆ-ಬೆಲ್ಲದಿಂದ ಅದು ತುಂಬುವುದಿಲ್ಲ. ಒಂದು ಮೊಟ್ಟೆ 6 ಗ್ರಾಂ, 50 ಗ್ರಾಂ ಹೆಸರುಕಾಳು 12 ಗ್ರಾಂ, 100 ಗ್ರಾಂ ಬಂಗುಡೆ ಸುಮಾರು 19 ಗ್ರಾಂ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ನಡುವೆ ದಣಿವಾರಿಸಿಕೊಂಡು ಮೂರು ಸುತ್ತು, ವಾರಕ್ಕೆ ಕನಿಷ್ಠ ಎರಡು ದಿನ. ಜೊತೆಗೆ ವಾರಕ್ಕೆ ಒಟ್ಟು 150 ನಿಮಿಷ ನಡಿಗೆ. ಚಾಕ್ಕೆ ಬದಲು ಸಕ್ಕರೆಯಿಲ್ಲದ ಕಾಫಿ ಲಿವರಿಗೆ ಒಳ್ಳೆಯದೇ, ಮಾತ್ರೆಯಿಂದ ಒಂದು ಗಂಟೆ ದೂರ ಇಟ್ಟರಾಯಿತು.

ಮುಂದಿನ ತಪಾಸಣೆ, ಮತ್ತು ಕಾಯಬಾರದ ಸಂದರ್ಭ

ಡೋಸ್ ಒಂದು ಮಟ್ಟಕ್ಕೆ ನಿಂತ ಮೇಲೆ ಟಿಎಸ್‌ಎಚ್ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಅದೇ ದಿನ ಲಿವರ್ ಪರೀಕ್ಷೆ, ಪ್ಲೇಟ್‌ಲೆಟ್, ತೂಕ ಸೇರಿಸಿ ಫಿಬ್-4 ಲೆಕ್ಕ ಹಾಕಿ. ಐದು ಕಿಲೋ ತೂಕ ಏರಿಳಿದರೆ, ಹೊಸ ಮದ್ದು ಸೇರಿದರೆ, ಅಯೋಡಿನ್ ಇಂಜೆಕ್ಷನ್ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಿದರೆ ನಡುವೆಯೇ ನೋಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಲ್ಯಾಬ್, ಟಿಎಸ್‌ಎಚ್, ಫ್ರೀ ಟಿ4, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್, ಮಾತ್ರೆಯ ಹೆಸರು ಮತ್ತು ಅಳತೆ ಬರೆಯುತ್ತ ಹೋಗಿ. ಮಂಗಳೂರಿನ ವೈದ್ಯರಿಗೂ ಊರಿನ ಕುಟುಂಬಾರೋಗ್ಯ ಕೇಂದ್ರದ ವೈದ್ಯರಿಗೂ ಅದೇ ಪುಸ್ತಕ ತೋರಿಸಿ.

ಕಾರ್ಬಿಮಜೋಲ್‌ನಂಥ ಮದ್ದು ತೆಗೆದುಕೊಳ್ಳುವವರಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಜ್ವರ ಮತ್ತು ಗಂಟಲುನೋವು ಒಟ್ಟಿಗೆ ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು. ಬಿಳಿ ರಕ್ತಕಣ ಕುಸಿದಿರಬಹುದು. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಬಿಳಿಚು, ಮೈಯೆಲ್ಲ ತುರಿಕೆ ಕಂಡರೂ ಮಾತ್ರೆ ನಿಲ್ಲಿಸಿ ಅದೇ ದಿನ ಲಿವರ್ ಪರೀಕ್ಷೆ ಮಾಡಿಸಬೇಕು. ಹಿರಿಯರು ಥೈರಾಕ್ಸಿನ್ ಬಿಟ್ಟು ವಾರಗಳಾಗಿ, ಮೈ ತಣ್ಣಗಾಗಿ, ಎಬ್ಬಿಸಿದರೂ ಸರಿಯಾಗಿ ಏಳದೆ ತೂಕಡಿಸುತ್ತಿದ್ದರೆ ಮನೆಯಲ್ಲಿ ಮಾತ್ರೆ ಕುಡಿಸಲು ಹೋಗಬೇಡಿ. ಅದು 108ಕ್ಕೆ ಕರೆಮಾಡುವ ಹೊತ್ತು. ಬಾಟ್ಲಿಯನ್ನೂ ನೋಟ್‌ಬುಕ್ಕನ್ನೂ ಆಂಬುಲೆನ್ಸಿನಲ್ಲೇ ಜೊತೆಗೆ ಕಳಿಸಿ.